ಗರ್ಭಗುಡಿಯಲ್ಲಿ ಬೆಳ್ಳುಳ್ಳಿ

ನವೆಂಬರ್ 16, 1997, ಭಾನುವಾರ

ಬ್ಯಾಂಕಿನವರು ವರ್ಷದ ಮೊದಲಲ್ಲಿ ಕೊಟ್ಟ ಡೈರಿ ಇಷ್ಟು ದಿನ ಖಾಲಿ ಬಿದ್ದಿತ್ತು. ಇವತ್ತು ಬರೆಯಲು ಕೂತಿದ್ದೇನೆ, ಏಕೆಂದರೆ ಈ ವಿಷಯ ಬಾಯಿಬಿಟ್ಟು ಹೇಳಿಕೊಳ್ಳಲು ಹೊಳೆನರಸೀಪುರದಲ್ಲಿ ನನಗೆ ಒಂದು ನರಪಿಳ್ಳೆಯೂ ಇಲ್ಲ. ಹೆಂಡತಿ ಕನಕಲಕ್ಷ್ಮಿ ಹೆರಿಗೆಗೆಂದು ಚನ್ನರಾಯಪಟ್ಟಣದ ತವರಿನಲ್ಲಿದ್ದಾಳೆ. ಅವಳಿಗೂ ಹೇಳುವಂತಿಲ್ಲ. ಹೇಳಿದರೆ ಅತ್ತೆಗೆ ಗೊತ್ತಾಗುತ್ತದೆ, ಅತ್ತೆಗೆ ಗೊತ್ತಾದರೆ ಹಾಸನ ಜಿಲ್ಲೆಗೇ ಡಂಗುರ ಸಾರಿದ ಹಾಗೆ.

ನನ್ನ ಬಲಗೈಯಲ್ಲಿ ನರಹುಲಿ ಎದ್ದಿವೆ. ಉಂಗುರದ ಬೆರಳಿನ ಪಕ್ಕ ಎರಡು, ಹೆಬ್ಬೆರಳ ಬುಡದಲ್ಲಿ ಒಂದು, ಅಂಗೈ ಅಂಚಿನಲ್ಲಿ ಕಡಲೆಕಾಳಿನಷ್ಟು ದಪ್ಪದ್ದು ಇನ್ನೊಂದು. ಬೇರೆ ಯಾರಿಗಾದರೂ ಎದ್ದಿದ್ದರೆ ನಾಲ್ಕು ಜನ ನಕ್ಕು ಸುಮ್ಮನಾಗುತ್ತಿದ್ದರು. ನಾನು ವೇಣುಗೋಪಾಲಸ್ವಾಮಿಯ ಅರ್ಚಕ. ಈ ಕೈಯಲ್ಲೇ ದೇವರಿಗೆ ಅಭಿಷೇಕ, ಈ ಕೈಯಲ್ಲೇ ಜನಕ್ಕೆ ತೀರ್ಥ. ಅರ್ಚಕನೆಂದರೂ ಇನ್ನೂ ಕಾಯಂ ಆಗಿಲ್ಲ. ಚಿಕ್ಕಪ್ಪ ತೀರಿಕೊಂಡ ಮೇಲೆ ಆಗಸ್ಟಿನಿಂದ ತಾತ್ಕಾಲಿಕವಾಗಿ ಮಾಡುತ್ತಿದ್ದೇನೆ. ಧನುರ್ಮಾಸ ಕಳೆದ ಮೇಲೆ ದೇವಸ್ಥಾನದ ಸಮಿತಿ ಕೂತು ತೀರ್ಮಾನಿಸುತ್ತದೆ, ನಾನೋ ಅಥವಾ ಚಿಕ್ಕಪ್ಪನ ಮಗ ಕೇದಾರನೋ ಎಂದು. ಈಗ ನಾವಿರುವುದೂ ಅರ್ಚಕರ ಮನೆ. ಕೆಲಸ ಹೋದರೆ ಮಗು ಬರುವ ಹೊತ್ತಿಗೆ ಪಾತ್ರೆ ಪಗಡ ಹೊತ್ತುಕೊಂಡು ಬಾಡಿಗೆ ಮನೆ ಹುಡುಕಬೇಕು.

ಸಮಿತಿಯ ಅಧ್ಯಕ್ಷರು ಲಕ್ಷ್ಮೀನರಸಿಂಹ ಮೇಷ್ಟ್ರು. ಹೈಸ್ಕೂಲಿನಿಂದ ರಿಟೈರ್ ಆಗಿದ್ದರೂ ಬೆತ್ತ ಮಾತ್ರ ಮನಸ್ಸಿನಲ್ಲಿ ಹಾಗೇ ಇದೆ. ಚಿಕ್ಕಪ್ಪನಿಗೆ ಮೊಣಕೈಯಲ್ಲಿ ಇಸುಬು ಎದ್ದಾಗ ಎರಡು ತಿಂಗಳು ಗರ್ಭಗುಡಿಯ ಹೊಸಿಲು ದಾಟಗೊಡಲಿಲ್ಲ. ಇಸುಬಿಗೇ ಎರಡು ತಿಂಗಳಾದರೆ ನರಹುಲಿಗೆ ಎಷ್ಟೋ.

ನವೆಂಬರ್ 20, ಗುರುವಾರ

ಗಂಧ ತೇಯ್ದು ಬೆರಳಿಗೆಲ್ಲ ದಪ್ಪಗೆ ಬಳಿದುಕೊಂಡೆ. ಭಕ್ತಿ ಹೆಚ್ಚಾಗಿದೆ ಎಂದುಕೊಂಡಿರಬೇಕು ಜನ.

ಆದರೆ ಹೂವಿನ ಲಕ್ಕಣ್ಣನ ಹೆಂಡತಿ ಬೆಳ್ಳಮ್ಮನ ಕಣ್ಣಿಗೆ ಬಿತ್ತು. ಲಕ್ಕಣ್ಣನ ತೋಟ ಹೊಳೆಯ ಆಚೆ ದಡದಲ್ಲಿದೆ. ಅವನ ತಾತನ ಕಾಲದಿಂದ ನಮ್ಮ ಗುಡಿಗೆ ಹೂವು ತುಳಸಿ ಅವರ ಮನೆಯದೇ. ಕಾಸು ಮುಟ್ಟುವುದಿಲ್ಲ, ಅದು ಅವರ ಹಕ್ಕು. ಬೆಳ್ಳಮ್ಮ ಬೊಗಸೆ ಒಡ್ಡಿದಳು. ಎಂದಿನಂತೆ ಒಂದು ಗೇಣು ಮೇಲಿನಿಂದ ತೀರ್ಥ ಬಿಟ್ಟೆ. ಆ ಹೆಂಗಸು ತೀರ್ಥ ಕುಡಿಯುವುದು ಬಿಟ್ಟು ನನ್ನ ಕೈಯನ್ನೇ ನೋಡಿದಳು.

"ಅಯ್ಯೋ ಸ್ವಾಮಿ, ನರೂಲಿ ಎದ್ದವಲ್ಲ! ನಮ್ ತ್ವಾಟಕ್ಕೆ ಬನ್ನಿ, ಅತ್ತಿ ಮರದ ಆಲು ಇಡ್ತೀನಿ. ಏಳು ಕಿತ ಇಟ್ರೆ ಉದುರೋಯ್ತವೆ."

"ನರಹುಲಿಯಲ್ಲ, ಗಂಧ ಮೆತ್ತಿದೆ. ಮುಂದೆ ಹೋಗು" ಎಂದು ಗದರಿದೆ.

"ಸರಿ ಬುಡಿ" ಎಂದು ಹೋದಳು. ಇವಳ ಕೈಗೆ ನಾನು ಕೈ ಕೊಟ್ಟು ಕೂರಬೇಕಂತೆ! ಆಮೇಲೆ ಹೊಳೆಯಲ್ಲಿ ಮತ್ತೆ ಮುಳುಗಿ ಬರಬೇಕು.

ನವೆಂಬರ್ 27, ಗುರುವಾರ

ಹಾಸನಕ್ಕೆ ಹೋಗಿದ್ದೆ. ಚರ್ಮದ ಡಾಕ್ಟರು ಅರ್ಧ ನಿಮಿಷ ನೋಡಿ, ಕರೆಂಟಿನಲ್ಲಿ ಸುಡಬೇಕು, ಗಾಯ ಒಣಗುವವರೆಗೆ ಹತ್ತು ಹದಿನೈದು ದಿನ ಬ್ಯಾಂಡೇಜು, ನೀರು ಸೋಕಬಾರದು ಎಂದರು. ಅಭಿಷೇಕ ಮಾಡುವವನಿಗೆ ನೀರು ಸೋಕಬಾರದಂತೆ! ಅದೂ ಧನುರ್ಮಾಸ ಹೊಸಿಲಲ್ಲಿ ನಿಂತಿರುವಾಗ. ಎದ್ದು ಬಂದೆ.

ಹೊರಗೆ ಬೆಂಚಿನ ಮೇಲೆ ರಾಮನಾಥಪುರದ ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಕೆಲಸ ಮಾಡುವ ಶಿವಯ್ಯ ಎಂಬಾತ ಸಿಕ್ಕ. ನನ್ನ ಕೈ ನೋಡಿ ತಾನೇ ಮಾತಿಗೆ ಬಂದ. ಒಬ್ಬೊಬ್ಬರದು ಒಂದೊಂದು ಮದ್ದು ಎಂದು ಪಟ್ಟಿ ಕೊಟ್ಟ. ಆಲೂಗೆಡ್ಡೆ ಹೆಚ್ಚಿ ತಿಕ್ಕಿ ತಿಪ್ಪೆಯಲ್ಲಿ ಹೂಳುವುದು, ಅದು ಕೊಳೆತ ಹಾಗೆ ಇದೂ ಕೊಳೆಯುತ್ತದೆ. ಕುದುರೆ ಬಾಲದ ಕೂದಲು ಬಿಗಿದು ಕಟ್ಟುವುದು. ಸುಣ್ಣಕ್ಕೆ ಸೋಡಾ ಕಲಸಿ ಇಡುವುದು. "ಯಾವ್ದೂ ಕೇಳ್ಲಿಲ್ಲ ಅಂದ್ರೆ ಬೆಳ್ಳುಳ್ಳಿ ಜಜ್ಜಿ ರಾತ್ರಿಯೆಲ್ಲ ಕಟ್ಟಿ ಸಾ. ನಮ್ ಬಾವಂಗೆ ಅದ್ನೈದು ದಿನಕ್ಕೆ ಉದುರೋಯ್ತು" ಎಂದ.

ಬೆಳ್ಳುಳ್ಳಿ! ನಮ್ಮ ಮನೆಯಲ್ಲಿ ಆ ಹೆಸರು ಹೇಳಿದರೆ ಅಜ್ಜಿ ಬಾಯಿ ಮುಕ್ಕಳಿಸು ಎನ್ನುತ್ತಿದ್ದಳು. ಆಲೂಗೆಡ್ಡೆ ಸಾಕು.

ಡಿಸೆಂಬರ್ 6, ಶನಿವಾರ

ಹಿತ್ತಿಲಲ್ಲಿ ಹೂತ ಆಲೂಗೆಡ್ಡೆ ಕೊಳೆಯುವ ಬದಲು ಚಿಗುರಿದೆ. ನರಹುಲಿ ನಾಲ್ಕಿದ್ದದ್ದು ಐದಾಗಿದೆ.

ಡಿಸೆಂಬರ್ 10, ಬುಧವಾರ

ನಿನ್ನೆ ಜಟಕಾ ಕುದುರೆಯ ಬಾಲದಿಂದ ಎರಡು ಕೂದಲು ಕೇಳಿ ತಂದೆ. ಮಗುವಿನ ದೃಷ್ಟಿಗೆ ಬೇಕು ಎಂದು ಜಟಕಾದವನಿಗೆ ಹೇಳಿದೆ, ಹುಟ್ಟದ ಮಗುವಿನ ಮೇಲೂ ಸುಳ್ಳು. ಬಿಗಿಯಾಗಿ ಕಟ್ಟಿ ಮಲಗಿದವನು ಬೆಳಗ್ಗೆ ಎದ್ದರೆ ಬೆರಳು ನೇರಳೆ ಹಣ್ಣಾಗಿತ್ತು. ಕತ್ತರಿಯಲ್ಲಿ ಬಿಡಿಸುವಷ್ಟರಲ್ಲಿ ಪ್ರಾಣ ಬಾಯಿಗೆ ಬಂತು. ಘಂಟೆ ಹಿಡಿಯಲು ಆಗದೆ ಎಡಗೈಯಲ್ಲಿ ಬಾರಿಸಿದೆ. ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಕೇದಾರ ಬಂದು ಹೋದನಂತೆ, ಅವರ ಮನೆಯಲ್ಲಿ ಊಟ ಮಾಡಿಕೊಂಡು.

ನಿದ್ದೆ ಬರುತ್ತಿಲ್ಲ. ಕೂತರೆ ಕೈ ನೋಡಿಕೊಳ್ಳುತ್ತೇನೆ, ನಿಂತರೆ ಕೈ ಮುಚ್ಚಿಕೊಳ್ಳುತ್ತೇನೆ.

ಡಿಸೆಂಬರ್ 12, ಶುಕ್ರವಾರ

ಬೆಳ್ಳುಳ್ಳಿ ತಂದೆ. ಇಲ್ಲಿಯ ಅಂಗಡಿಯಲ್ಲಿ ಕೇಳಿದರೆ ಸಂಜೆಯೊಳಗೆ ಮೇಷ್ಟ್ರ ಕಿವಿಗೆ ಬೀಳುತ್ತದೆ. ಹಾಗಾಗಿ ಅರಕಲಗೂಡಿಗೆ ಬಸ್ಸು ಹತ್ತಿದೆ. ಜುಟ್ಟು ನಾಮದವನು ಬೆಳ್ಳುಳ್ಳಿ ಕೇಳಿದ್ದಕ್ಕೆ ಅಲ್ಲಿಯ ಅಂಗಡಿಯವನೂ ತಬ್ಬಿಬ್ಬಾದ. "ದನದ ಹೊಟ್ಟೆನೋವಿಗೆ" ಎಂದೆ. "ಎಷ್ಟು ದನ ಸಾ?" ಎಂದ ಕತ್ತೆ ಮಗ.

ಡಿಸೆಂಬರ್ 16, ಮಂಗಳವಾರ

ಧನುರ್ಮಾಸ ಶುರು. ಬೆಳಗಿನ ಮೂರೂವರೆಗೆ ಎದ್ದು, ಬೆಳ್ಳುಳ್ಳಿಯ ಬಟ್ಟೆ ಬಿಚ್ಚಿ, ಸೀಗೆಪುಡಿ ಹುಣಸೆಹಣ್ಣು ಹಾಕಿ ಕೈ ಉಜ್ಜಿ, ಹೊಳೆಯಲ್ಲಿ ಮುಳುಗಿ ಗುಡಿಗೆ ಹೋಗುತ್ತೇನೆ. ಕೈ ಉರಿಯುತ್ತಿದೆ. ನರಹುಲಿಯ ಸುತ್ತ ಚರ್ಮ ಬೆಂದು ಬೊಬ್ಬೆ ಎದ್ದಿದೆ. ಬೆಂದರೆ ಸರಿ, ಕೆಲಸ ಮಾಡುತ್ತಿದೆ ಎಂದರ್ಥ. ವಾಸನೆ ಪೂರ್ತಿ ಹೋಗುತ್ತದೋ ಇಲ್ಲವೋ ನನಗೆ ತಿಳಿಯುತ್ತಿಲ್ಲ, ಮೂಗು ಒಗ್ಗಿಹೋಗಿದೆ.

ಡಿಸೆಂಬರ್ 23, ಮಂಗಳವಾರ

ಏನು ಮಾಡಿಬಿಟ್ಟೆ.

ಬೆಳಗ್ಗೆ ಗುಡಿಯಲ್ಲಿ ಜನ ತುಂಬಿದ್ದರು. ನಮ್ಮ ಗರ್ಭಗುಡಿಗೆ ಕಿಟಕಿ ಇಲ್ಲ. ಹತ್ತು ದೀಪ ಹಚ್ಚಿದರೆ ಒಳಗೆ ಬೇಯುತ್ತದೆ. ಮಂಗಳಾರತಿ ತಟ್ಟೆ ಹಿಡಿದು ಹೊರಗೆ ಬಂದೆ. ಮೇಷ್ಟ್ರು ಆರತಿಗೆ ಕೈ ಚಾಚಿದವರು ಹಾಗೇ ಮೂಗು ಅರಳಿಸಿದರು.

"ಏನಯ್ಯಾ ಇದು? ಬೆಳ್ಳುಳ್ಳಿ ವಾಸನೆ!"

ಕರ್ಪೂರದ ಬಿಸಿಗೆ ಬೆವರಿದ ಕೈಯಿಂದಲೇ ಬಂದಿತ್ತು. ನಾನು ತಟ್ಟೆಯನ್ನು ಎಡಗೈಗೆ ಬದಲಾಯಿಸಿದೆ. ಅಷ್ಟರಲ್ಲಿ ಅವರ ಕಣ್ಣು ಕಂಬದ ಬಳಿ ಖಾಲಿ ಕುಕ್ಕೆ ಹಿಡಿದು ನಿಂತಿದ್ದ ಲಕ್ಕಣ್ಣನ ಮೇಲೆ ಬಿತ್ತು.

"ಲಕ್ಕಣ್ಣ, ನಿನ್ನೆ ಸಂತೆಯಿಂದ ಏನು ತಂದೆ?"

"ಮನೆ ಸಾಮಾನು ಸಾ. ಬ್ಯಾಳೆ, ಉಪ್ಪು, ಒಂದೀಟು ಬೆಳ್ಳುಳ್ಳಿ..."

"ಈ ಕುಕ್ಕೆಯಲ್ಲೇ ತಂದೆಯಾ?"

"ಇಲ್ಲ ಸಾ! ಊವಿನ ಕುಕ್ಕೆಗೆ ಬ್ಯಾರೆ ಏನೂ ಆಕಾಕಿಲ್ಲ. ನಮ್ಮಪ್ಪನ ಕಾಲ್ದಿಂದ್ಲೂ ಆಕಿಲ್ಲ."

ಮೇಷ್ಟ್ರು ನನ್ನ ಕಡೆ ತಿರುಗಿದರು. "ಗಿರಿಧರ, ದೇವರಿಗೆ ಏರಿಸುವಾಗ ಹೂವಿನಲ್ಲಿ ವಾಸನೆ ಬಂತೇನಯ್ಯಾ?"

"ಇರಬಹುದು" ಎಂದೆ.

ಒಂದೇ ಮಾತು. ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ನಾಳೆಯಿಂದ ನಿನ್ನ ಹೂವು ಬೇಡ ಎಂದು ಮೇಷ್ಟ್ರು ಅಷ್ಟು ಜನರ ಮುಂದೆ ಹೇಳಿದರು. ಲಕ್ಕಣ್ಣ ಕುಕ್ಕೆಯನ್ನು ತಾನೇ ಒಮ್ಮೆ ಮೂಸಿ ನೋಡಿಕೊಂಡ. ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಹೋದ.

ನಾನೇನು ಅವನ ಹೂವು ಬೇಡ ಎಂದೆನೇ? ಮೇಷ್ಟ್ರು ತಾನೇ ಅಂದದ್ದು.

ಡಿಸೆಂಬರ್ 24, ಬುಧವಾರ

ಬೆಳ್ಳುಳ್ಳಿಯನ್ನೆಲ್ಲ ಹೊಳೆಗೆ ಎಸೆದೆ. ನರಹುಲಿ ಏಳಾಗಿವೆ, ಜೊತೆಗೆ ಬೆಂದ ಗಾಯ. ಗಂಧ ಹಚ್ಚಿದರೆ ಕಣ್ಣಲ್ಲಿ ನೀರು ಬರುತ್ತದೆ. ಹಾಸನದಿಂದ ಬಸ್ಸಿನಲ್ಲಿ ಹೂವು ತರಿಸಿದ್ದಾರೆ, ಅರ್ಧ ಬಾಡಿವೆ.

ಡಿಸೆಂಬರ್ 26, ಶುಕ್ರವಾರ

ಮಾನ ಮರ್ಯಾದೆ ಬಿಟ್ಟು ಬೆಳ್ಳಮ್ಮನ ಹತ್ತಿರ ಹೋದೆ. ಬೇರೆ ದಾರಿ ಇರಲಿಲ್ಲ. ಲಕ್ಕಣ್ಣನ ಹೂವಿನ ವಿಷಯವೇ ಬೇರೆ, ಮದ್ದಿನ ವಿಷಯವೇ ಬೇರೆ ಎಂದು ಸೇತುವೆಯುದ್ದಕ್ಕೂ ಸೈಕಲ್ ತುಳಿಯುತ್ತಾ ಹೇಳಿಕೊಂಡೆ.

ಲಕ್ಕಣ್ಣ ನನ್ನನ್ನು ಕಂಡದ್ದೇ ಪಂಪಿನ ಮನೆ ಕಡೆ ಹೋದ. ಬೆಳ್ಳಮ್ಮ ಅತ್ತಿ ಮರದ ಕೆಳಗೆ ಕೂರಿಸಿ, ಕೇಳದೆಯೇ ನನ್ನ ಬಲಗೈ ಹಿಡಿದು ಬೆಳಕಿಗೆ ತಿರುಗಿಸಿದಳು. ಒರಟು ಕೈ, ಮಣ್ಣಿನ ಬೆರಳು. ನಾನು ಉಸಿರು ಹಿಡಿದು ಕೂತೆ.

"ಈ ಬೊಬ್ಬೆ ಏನಾಯ್ತು ಸ್ವಾಮಿ?"

"ಆರತಿ ತಟ್ಟೆ ತಾಕಿ ಸುಟ್ಟಿತು."

"ಆರತಿ ತಟ್ಟೆನಾ" ಎಂದಳು. ಸ್ವಲ್ಪ ಹೊತ್ತು ಗಾಯ ನೋಡಿ ಒಳಗಿನಿಂದ ಬೆಣ್ಣೆ ತಂದು ಸುತ್ತ ಸವರಿದಳು. ಎಲೆಯ ತೊಟ್ಟು ಮುರಿದು ಹಾಲನ್ನು ಒಂದೊಂದೇ ಹನಿ, ನರಹುಲಿಯ ನೆತ್ತಿಗೆ ಮಾತ್ರ ತಾಕುವಂತೆ ಕಡ್ಡಿಯಲ್ಲಿ ಇಟ್ಟಳು. ನಾಲ್ಕು ದಿನಕ್ಕೊಮ್ಮೆ ಬಿಸಿಲೇರುವ ಮುಂಚೆ ಬರಬೇಕು. ಕಾಸು ಕೊಡಬಾರದು. ಹೊರಡುವಾಗ ಬರ್ತೀನಿ ಅನ್ನಬಾರದು. "ಬತ್ತೀನಿ ಅಂದ್ರೆ ನರೂಲಿನೂ ಬತ್ತವೆ. ಸುಮ್ಕೆ ಎದ್ದು ಓಗಿ."

ವಾಪಸು ಬಂದು ಹೊಳೆಯಲ್ಲಿ ಮೂರು ಸಲ ಮುಳುಗಿದೆ.

ಡಿಸೆಂಬರ್ 29, ಸೋಮವಾರ

ನಸುಕಿನಲ್ಲಿ ಹೊಳೆಯಲ್ಲಿ ನಿಂತಿದ್ದೆ. ಏನೋ ಎದೆಗೆ ತಾಕಿತು. ಲಾಟೀನು ಎತ್ತಿ ನೋಡಿದರೆ ಸೇವಂತಿಗೆ, ಕಾಕಡ, ತುಳಸಿ. ನೀರಿನ ಮೇಲೆ ರಾಶಿ ರಾಶಿ ತೇಲಿ ಬರುತ್ತಿದ್ದವು. ಲಕ್ಕಣ್ಣನ ತೋಟ ಮೇಲ್ಗಡೆ ದಡದಲ್ಲಿದೆ. ದಿನವೂ ಹೂವು ಬಿಡಿಸಿ, ಗುಡಿಗೆ ತರುವಂತಿಲ್ಲ ಎಂದು ಹೊಳೆಗೆ ಬಿಡುತ್ತಿದ್ದಾನೆ. ಎಷ್ಟು ಪಕ್ಕಕ್ಕೆ ತಳ್ಳಿದರೂ ಸುತ್ತಿಕೊಂಡು ನನ್ನ ಹತ್ತಿರವೇ ಬಂದವು. ಸಂಧ್ಯಾವಂದನೆಯ ಮಂತ್ರ ಎರಡು ಸಲ ತಪ್ಪಿತು.

ಜನವರಿ 3, 1998, ಶನಿವಾರ

ಹೊಸ ವರ್ಷದ ಡೈರಿ ಯಾರೂ ಕೊಡಲಿಲ್ಲ. ಹಳೆಯದರಲ್ಲಿ ಜನವರಿಯ ಹಾಳೆಗಳು ಖಾಲಿಯಿವೆ, ಅದರಲ್ಲೇ ಬರೆಯುತ್ತಿದ್ದೇನೆ.

ಮೂರನೆಯ ಸಲದ ಹಾಲು. ನರಹುಲಿಯ ನೆತ್ತಿ ಕಪ್ಪಾಗಿದೆ. ಬೆಳ್ಳಮ್ಮ ರಾಗಿರೊಟ್ಟಿ ತಟ್ಟುತ್ತಿದ್ದಳು, ತಿನ್ನಿ ಎಂದು ಕೇಳಲಿಲ್ಲ. ನಾನು ತಿನ್ನುವುದಿಲ್ಲ ಎಂದು ಗೊತ್ತು. ಮಡಿಲಿಗೆ ಎರಡು ಸೀಬೆಹಣ್ಣು ಹಾಕಿ "ಇದ್ಕೆ ಮಡಿ ಇಲ್ಲ ಸ್ವಾಮಿ" ಎಂದಳು. ಗುಡಿಗೆ ಹೊತ್ತಾಗಿತ್ತು, ನೇರ ಹೋದೆ.

ಜನವರಿ 7, ಬುಧವಾರ

ಇವತ್ತು ಲಕ್ಕಣ್ಣ ಎದುರಿಗೇ ಸಿಕ್ಕಿದರು. ತಲೆ ತಗ್ಗಿಸಿ ನಿಂತೆ. "ಸೇವಂತಿಗೆ ಚೆನ್ನಾಗಿ ಬಂದಿದೆಯಲ್ಲ" ಎಂದೆ, ಬೇರೇನೂ ತೋಚದೆ.

"ಬಂದದೆ. ಗಿಡಕ್ಕೇನ್ ಗೊತ್ತು" ಎಂದರು.

ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಆಮೇಲೆ ಕನಕಲಕ್ಷ್ಮಿಯ ಕಾಗದ ನೆನಪಾಯಿತು: "ಮಗುವಿಗೆ ತೊಟ್ಟಿಲು ನಡುಮನೆಯ ಜಂತಿಗೆ ಕಟ್ಟಬೇಕು, ಕೊಕ್ಕೆ ಗಟ್ಟಿ ಇದೆಯಾ ನೋಡಿ." ಬಾಯಿ ಮುಚ್ಚಿಕೊಂಡೆ.

ಜನವರಿ 11, ಭಾನುವಾರ

ಇವತ್ತು ಎರಡು ಉದುರಿದವು. ಸ್ನಾನ ಮಾಡುವಾಗ ಹೋದದ್ದೇ ಗೊತ್ತಾಗಲಿಲ್ಲ. ಕುಣಿಯುವಷ್ಟು ಖುಷಿಯಾಗಬೇಕಿತ್ತು, ಆಗಲಿಲ್ಲ.

ಜನವರಿ 19, ಸೋಮವಾರ

ಏಳನೆಯ ಸಲ, ಕೊನೆಯದು. ಕೈ ಹಸುಗೂಸಿನ ಕೈಯಂತಾಗಿದೆ. ಬೆಳ್ಳಮ್ಮನವರು ತಿರುಗಿಸಿ ತಿರುಗಿಸಿ ನೋಡಿ "ಇನ್ನು ಬರಬ್ಯಾಡಿ" ಎಂದರು. ಏನಾದರೂ ಹೇಳೋಣವೆಂದರೆ ಹೇಳಬಾರದೆಂಬ ಕಟ್ಟು. ಸುಮ್ಮನೆ ಎದ್ದು ಬಂದೆ. ಸೈಕಲ್ ಏರದೆ ಸೇತುವೆಯವರೆಗೂ ತಳ್ಳಿಕೊಂಡು ನಡೆದೆ.

ಇನ್ನು ನನ್ನ ಮೇಲೆ ಯಾವ ಗುರುತೂ ಇಲ್ಲ. ಯಾರೂ ಏನೂ ಕಂಡುಹಿಡಿಯಲಾರರು. ಹಾಗಿದ್ದೂ ಊಟ ಸೇರುತ್ತಿಲ್ಲ.

ಜನವರಿ 25, ಭಾನುವಾರ

ಮೇಷ್ಟ್ರು ಹೆಗಲ ಮೇಲೆ ಕೈ ಹಾಕಿದರು, ಜನ್ಮದಲ್ಲಿ ಮೊದಲ ಸಲ. "ಧನುರ್ಮಾಸ ಚೆನ್ನಾಗಿ ಮಾಡಿದೆ. ಮುಂದಿನ ಭಾನುವಾರ ಸಮಿತಿ. ಚಿಂತೆ ಮಾಡಬೇಡ" ಎಂದರು. ತೀರ್ಥ ಕೊಡುವಾಗ ಯಾರದೋ ಅಂಗೈಗೆ ನನ್ನ ಬೆರಳು ತಾಕಿತು, ಒಬ್ಬ ಮುದುಕಿಯದು. ಚಳಿಗೆ ಐಸಿನಂತಿತ್ತು ಪಾಪ.

ಫೆಬ್ರವರಿ 1, ಭಾನುವಾರ

ಬೆಳಗ್ಗೆ ಹತ್ತಕ್ಕೆ ಗುಡಿಯ ಪ್ರಾಕಾರದಲ್ಲಿ ಜಮಖಾನ ಹಾಸಿ ಸಮಿತಿ ಕೂತಿತು. ಮೇಷ್ಟ್ರು, ಬಟ್ಟೆ ಅಂಗಡಿ ರುದ್ರಯ್ಯನವರು, ಇನ್ನು ಮೂವರು. ಕೇದಾರನೂ ಬಂದು ಮೂಲೆಯಲ್ಲಿ ಕೂತಿದ್ದ.

ಮೊದಲ ವಿಷಯಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಗಿರಿಧರನನ್ನು ಕಾಯಂ ಮಾಡುವುದು, ಮನೆ ಅವನಿಗೇ. ಎಲ್ಲರೂ ಸರಿ ಎಂದರು. ಮೈಯೆಲ್ಲ ಹಗುರಾಯಿತು. ತೊಟ್ಟಿಲಿನ ಕೊಕ್ಕೆಗೆ ಎಣ್ಣೆ ಹಾಕಬೇಕು ಎಂದು ಅಲ್ಲೇ ಯೋಚಿಸಿದೆ, ಸುಳ್ಳೇಕೆ ಹೇಳಲಿ.

ಎರಡನೆಯ ವಿಷಯ ಹೂವಿನದು. ಲಕ್ಕಣ್ಣನ ಮನೆತನದ ಹಕ್ಕು ರದ್ದು ಮಾಡಿ ಹಾಸನದ ಅಂಗಡಿಗೆ ಕೊಡುವುದು. ಮೇಷ್ಟ್ರು ನಡವಳಿ ಪುಸ್ತಕ ನನ್ನ ಮುಂದೆ ತಳ್ಳಿದರು. "ಅವನು ನಾಳೆ ತಕರಾರು ತೆಗೆಯಬಾರದು ನೋಡು. ಅವತ್ತು ಬೆಳ್ಳುಳ್ಳಿ ವಾಸನೆ ಹೂವಿನಿಂದಲೇ ಬಂತು ಅಂತ ಬರೆದಿದ್ದೀನಿ. ಅರ್ಚಕನ ರುಜು ಬೇಕು."

ಪೆನ್ನು ಹಿಡಿದೆ. ಗಿರಿ ಎಂದು ಎರಡು ಅಕ್ಷರ ಬರೆದೆ. ಮುಂದೆ ಕೈ ಓಡಲಿಲ್ಲ. ಆವತ್ತು ಬಾಯಿಂದ ಜಾರಿದ ಮಾತು ಗಾಳಿಗೆ ಹೋಯಿತು ಎಂದುಕೊಳ್ಳಬಹುದಿತ್ತು. ಇದನ್ನು ಬರೆದರೆ ಲಕ್ಕಣ್ಣನವರ ತಾತನಿಂದ ಮೊಮ್ಮಕ್ಕಳವರೆಗೆ ಎಲ್ಲರೂ ಗುಡಿ ಕೆಡಿಸಿದವರು ಎಂದು ಪುಸ್ತಕದಲ್ಲಿ ಉಳಿಯುತ್ತದೆ.

"ವಾಸನೆ ಹೂವಿನದಲ್ಲ, ನನ್ನ ಕೈಯದು" ಎಂದೆ.

ಆಮೇಲೆ ಎಲ್ಲ ಹೇಳಿದೆ. ನರಹುಲಿ, ಅರಕಲಗೂಡಿನ ಬೆಳ್ಳುಳ್ಳಿ, ಸೀಗೆಪುಡಿ, ಎಲ್ಲ. ಮೇಷ್ಟ್ರು ಕೈ ತೋರಿಸು ಎಂದರು. ತೋರಿಸಿದೆ.

"ಏನೂ ಇಲ್ಲವಲ್ರೀ ಇಲ್ಲಿ" ಎಂದರು ರುದ್ರಯ್ಯನವರು. "ಸುಮ್ಮನಿದ್ದಿದ್ದರೆ ಆಗ್ತಿತ್ತಲ್ಲಪ್ಪ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಬೆಳ್ಳುಳ್ಳಿ ಕೈಯಲ್ಲಿ ಬಿಂಬ ಮುಟ್ಟಿದ್ದಕ್ಕೆ ಸಂಪ್ರೋಕ್ಷಣೆ ಮಾಡಿಸಬಹುದು. ದೇವರ ಮುಂದೆ ನಿಂತು ಒಬ್ಬ ಬಡವನ ಮೇಲೆ ಹಾಕಿದೆಯಲ್ಲ, ಅದಕ್ಕೆ ಏನು ಮಾಡಿಸಬೇಕೋ ನನಗೆ ಗೊತ್ತಿಲ್ಲ" ಎಂದರು. ಪೂಜೆ ಕೇದಾರನಿಗೆ. ಮನೆ ಯುಗಾದಿಯೊಳಗೆ ಬಿಡಬೇಕು. ನನ್ನ ಅರ್ಧ ರುಜುವಿನ ಮೇಲೆ ಗೀಟು ಎಳೆದು ಹೂವಿನ ವಿಷಯ ಕೈಬಿಟ್ಟರು. ಲಕ್ಕಣ್ಣನವರಿಗೆ ತಾವೇ ಹೇಳಿ ಕಳಿಸುವುದಾಗಿ ಹೇಳಿದರು.

ಹೇಳಿ ಕಳಿಸುವ ಮುಂಚೆ ನಾನೇ ಹೋಗಬೇಕೆನಿಸಿತು. ಊಟ ಮಾಡದೆ ಸೈಕಲ್ ಹತ್ತಿದೆ. ಇಬ್ಬರೂ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಕೂರಲಿಲ್ಲ, ನಿಂತೇ ಹೇಳಿದೆ. "ಅವತ್ತಿನ ಬೆಳ್ಳುಳ್ಳಿ ನಂದು. ನಿಮ್ಮ ಕುಕ್ಕೆಯದಲ್ಲ."

ಬೆಳ್ಳಮ್ಮನವರ ಕೈ ಅವರೆಕಾಯಿ ಬಿಡಲಿಲ್ಲ. "ಗೊತ್ತು ಬುಡಿ ಸ್ವಾಮಿ" ಎಂದರು.

"ಗೊತ್ತಾ? ಯಾವಾಗಿನಿಂದ?"

"ಮೊದಲ್ನೇ ದಿನಾನೇ. ಮದ್ದು ಇಡೋಳಿಗೆ ಬೆಳ್ಳುಳ್ಳಿ ಸುಟ್ಟ ಗಾಯ ಯಾವ್ದು, ತಟ್ಟೆ ಸುಟ್ಟಿದ್ ಯಾವ್ದು ತಿಳಿಯಾಕಿಲ್ವಾ?"

ಲಕ್ಕಣ್ಣನವರು ಸಿಪ್ಪೆಯನ್ನು ರಪ್ಪನೆ ಅಂಗಳಕ್ಕೆ ಎಸೆದರು. "ನಾನ್ ಬ್ಯಾಡ ಅಂದೆ. ಅಂಥೋರ ಕೈ ಮುಟ್ಬ್ಯಾಡ ಕಣೆ, ಮದ್ದು ಇಡ್ಬ್ಯಾಡ ಅಂದೆ. ಏಳು ಕಿತಾನೂ ಅಂದೆ. ಇವ್ಳು ಕೇಳ್ನಿಲ್ಲ." ಎದ್ದು ತೋಟದ ಕಡೆ ಹೋದರು. ನಾಳೆ ಗುಡಿಗೆ ಹೂವು ತರುತ್ತಾರೋ ಇಲ್ಲವೋ ಕೇಳುವ ಮುಖ ನನಗಿರಲಿಲ್ಲ.

ಏಳು ಸಲ ಈಕೆ ನನ್ನ ಕೈ ಹಿಡಿದು ಕೂತಿದ್ದಾರೆ, ಬೆಣ್ಣೆ ಸವರಿದ್ದಾರೆ, ಗಾಯಕ್ಕೆ ಹನಿ ತಾಕದಂತೆ ನೋಡಿಕೊಂಡಿದ್ದಾರೆ. ಅಷ್ಟೂ ಸಲ ಎಲ್ಲ ಗೊತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ಗೊತ್ತಿದ್ದೂ ಯಾಕಮ್ಮ ಮದ್ದು ಇಟ್ಟಿರಿ?"

ಆಕೆ ಕಾಳಿನ ಮೊರವನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು. "ಸುಳ್ಳೇಳಿದ್ದು ನಿಮ್ ಬಾಯಿ. ಪಾಪ, ಕೈ ಏನ್ ಮಾಡಿತ್ತು ಸ್ವಾಮಿ?"